ಎರಡು ನೊರೆ, ಒಂದು ಸುರುಳಿ

“ಮತ್ತ ಸೀಳ್ತು ನೋಡ್ರಿ” ಅಂದರು ವೈನಿ.

ಮೂಡಲಗಿಯ ಅವರ ಅಡುಗೆಮನೆ ಕಟ್ಟೆಯ ಮೇಲೆ, ಒದ್ದೆ ಮಾಡಿ ಹಿಂಡಿದ ಪಂಚೆಯ ತುಂಡಿನಲ್ಲಿ, ಅರ್ಧ ಸುತ್ತಿದ ಸ್ಪಂಜ್ ಕೇಕು ಬಿದ್ದಿತ್ತು. ಬೆನ್ನ ಮೇಲೆ ಉದ್ದಕ್ಕೂ ಮೂರು ಬಿರುಕು, ಮಾರ್ಚ್ ತಿಂಗಳ ಎರೆ ಹೊಲದ ಹಾಗೆ. ವೈನಿ ಅಂದರೆ ಅತ್ತಿಗೆ; ಅವರು ಹುಟ್ಟುಹಬ್ಬದ ಕೇಕು ಮಾಡಿ ಕೊಡುತ್ತಾರೆ. ದುಂಡನೆಯದು, ಚೌಕದ್ದು, ಮೇಲೆ ಮಗುವಿನ ಹೆಸರು ಬರೆದದ್ದು, ಎಲ್ಲದರಲ್ಲೂ ಪಳಗಿದ ಕೈ. ಈ ಸಲ ಗೋಕಾಕದ ಗಿರಾಕಿಯೊಬ್ಬರು ಕೇಳಿದ್ದು ಮಾತ್ರ ಸುರುಳಿ ಕೇಕು. ಬೇಕರಿಯವರು ಸ್ವಿಸ್ ರೋಲ್ ಅನ್ನುತ್ತಾರಲ್ಲ, ಅದು. ಒಳಗೆ ಜಾಮ್ ಬೇಡ, ಕ್ರೀಮ್ ಬೇಡ, ನಮ್ಮೂರ ಕರದಂಟು ತುಂಬಿ ಕೊಡಿ ಎಂಬ ಶರತ್ತು ಬೇರೆ.

“ವಿಜ್ಞಾನದ ಬುಕ್ಕ ಬರೀತೀರಲ್ಲ, ಹೇಳ್ರಿ ಮತ್ತ. ಚಪಾತಿ ಸುತ್ತಿದರ ಸೀಳೂದಿಲ್ಲ, ಇದ್ಯಾಕ ಸೀಳತೈತಿ?”

ಕೇಳುವುದಕ್ಕೆ ಸುಲಭದ ಪ್ರಶ್ನೆ. ಉತ್ತರಕ್ಕೆ ನನಗೆ ಎರಡು ದಿನ, ಒಂದು ಡಜನ್ ಮೊಟ್ಟೆ ಮತ್ತು ಹುಕ್ಕೇರಿ ಕಡೆಯ ಒಂದು ಕಬ್ಬಿನ ಗಾಣ ಬೇಕಾಯಿತು.

ಮೊದಲು ಹೆಸರಿನ ಗೊಡವೆ ಮುಗಿಸಿಬಿಡೋಣ. ಸ್ವಿಸ್ ರೋಲ್‌ಗೂ ಸ್ವಿಟ್ಜರ್ಲೆಂಡಿಗೂ ಇರುವ ನಂಟು ಆಂಧ್ರದ ಹೋಟೆಲುಗಳ ‘ಮೈಸೂರು ಬಜ್ಜಿ’ಗೂ ಮೈಸೂರಿಗೂ ಇರುವಷ್ಟೇ. ಹೆಸರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನದು. ಅಮೆರಿಕದವರು ಅದನ್ನೇ ಜೆಲ್ಲಿ ರೋಲ್ ಅಂದರು. ಸ್ವಿಟ್ಜರ್ಲೆಂಡಿನ ಜನಕ್ಕೆ ಅದು ಸ್ವಿಸ್ ಎಂಬುದೇ ಗೊತ್ತಿಲ್ಲ. ಅವರು ಬೇರೆ ಹೆಸರಿನಿಂದ ಕರೆದು ತಿನ್ನುತ್ತಾರೆ.

ಸಾಮಾನು ನೋಡಿದರೆ ಬಡವರ ಕೇಕು. ಮೂರು ಮೊಟ್ಟೆ, 75 ಗ್ರಾಂ ಸಕ್ಕರೆ, 75 ಗ್ರಾಂ ಮೈದಾ. ಬೆಣ್ಣೆ ಇಲ್ಲ, ತುಪ್ಪ ಇಲ್ಲ, ಸೋಡಾ ಕೂಡ ಇಲ್ಲ. 33 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರ್ ಅಗಲದ ತಟ್ಟೆಗೆ ಕಾಗದ ಹಾಸಿ, ಹಿಟ್ಟು ಹರಡಿ, 200 ಡಿಗ್ರಿಯ ಓವನ್ನಿನಲ್ಲಿ ಎಂಟು–ಹತ್ತು ನಿಮಿಷ. ಇಲ್ಲೇ ಒಂದು ಲೆಕ್ಕ ಹಾಕಬಹುದು. ಮೂರು ಮೊಟ್ಟೆಯ ತಿರುಳು ಸುಮಾರು 150 ಗ್ರಾಂ, ಉಳಿದದ್ದು 150, ಒಟ್ಟು 300. ಬೇಯುವಾಗ ಆವಿಯಾಗಿ ಹತ್ತನೆಯ ಒಂದು ಪಾಲು ಹೋದರೂ 270 ಗ್ರಾಂ ಉಳಿಯಿತು. ಆ ತಟ್ಟೆಯಲ್ಲಿ ಕೇಕು 1.2 ಸೆಂಟಿಮೀಟರ್ ಎದ್ದರೆ ಅದರ ಗಾತ್ರ 900 ಘನ ಸೆಂಟಿಮೀಟರಿಗೆ ಮೇಲೆ. ಅಂದರೆ ನೀರಿನ ಮೂರರಲ್ಲೊಂದು ಭಾಗದ ತೂಕವೂ ಇಲ್ಲ. ವೈನಿಯ ತಟ್ಟೆಯಲ್ಲಿದ್ದದ್ದರಲ್ಲಿ ಮುಕ್ಕಾಲು ಪಾಲು ಬರೀ ಗಾಳಿ. ನಾವು ಸುತ್ತಲು ಹೊರಟಿರುವುದು ಹಿಟ್ಟನ್ನಲ್ಲ, ಗಟ್ಟಿಯಾದ ನೊರೆಯನ್ನು.

ನೊರೆ ನಿಲ್ಲುವುದು ಹೇಗೆ? ಎಮ್ಮೆ ಹಿಂಡಿದ ಚರಿಗೆಯ ನೊರೆ ಮನೆಗೆ ಬರುವಷ್ಟರಲ್ಲಿ ಇಳಿಯುತ್ತದೆ, ಸೋಪಿನ ನೊರೆಯೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೊಟ್ಟೆಯ ನೊರೆ ಮಾತ್ರ ಓವನ್ನಿನ ತನಕ ತಾಳುತ್ತದೆ. ಮೊಟ್ಟೆಯ ಬಿಳಿಯಲ್ಲಿ ನೂರಕ್ಕೆ 88ರಷ್ಟು ನೀರು, ಹತ್ತು–ಹನ್ನೊಂದರಷ್ಟು ಪ್ರೋಟೀನು. ಪ್ರೋಟೀನಿನ ಒಂದೊಂದು ಅಣುವೂ ಸುತ್ತಿಟ್ಟ ನೂಲಿನ ಉಂಡೆ. ಆ ನೂಲಿನ ಕೆಲವು ಗೇಣು ನೀರನ್ನು ಬಯಸುತ್ತವೆ, ಕೆಲವು ನೀರೆಂದರೆ ಮುಖ ತಿರುಗಿಸುತ್ತವೆ. ಬೀಟರ್ ತಿರುಗಿದಾಗ ಉಂಡೆ ಬಿಚ್ಚುತ್ತದೆ. ಗಾಳಿಗುಳ್ಳೆಯ ಅಂಚಿನಲ್ಲಿ ನೀರೊಲ್ಲದ ಭಾಗ ಗಾಳಿಯ ಕಡೆ ಚಾಚಿಕೊಳ್ಳುತ್ತದೆ, ನೀರು ಬಯಸುವ ಭಾಗ ನೀರಿನಲ್ಲೇ ಉಳಿಯುತ್ತದೆ. ಅಕ್ಕಪಕ್ಕದ ಅಣುಗಳು ಒಂದಕ್ಕೊಂದು ಸಿಕ್ಕಿಕೊಂಡು ಗುಳ್ಳೆಯ ಸುತ್ತ ಬಲೆ ಹೆಣೆಯುತ್ತವೆ. ಸಕ್ಕರೆ ಆ ನೀರನ್ನು ದಪ್ಪ ಮಾಡುವುದರಿಂದ ಗುಳ್ಳೆಗಳ ನಡುವಿನ ಗೋಡೆ ಬೇಗ ಸೋರಿ ತೆಳುವಾಗುವುದಿಲ್ಲ.

ಹಳದಿಯನ್ನೂ ಸೇರಿಸಿ ಕಡೆಯುವಾಗ ಕೆಲಸ ನಿಧಾನ. ಹಳದಿಯ ಮೂರರಲ್ಲೊಂದು ಪಾಲು ಕೊಬ್ಬು. ಕೊಬ್ಬು ಗುಳ್ಳೆಯ ಅಂಚಿನಲ್ಲಿ ಪ್ರೋಟೀನಿನ ಜಾಗ ಹಿಡಿದುಬಿಡುತ್ತದೆ. ಅದಕ್ಕೇ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು, ಬೆರಳಿಗೆ ಉಗುರುಬೆಚ್ಚಗೆ ಅನ್ನಿಸುವ 40 ಡಿಗ್ರಿಗೆ ತಂದು ಕಡೆಯುವುದು. ಸಕ್ಕರೆ ಕರಗುತ್ತದೆ, ಹಳದಿ ಸಡಿಲಾಗುತ್ತದೆ. ಏಳೆಂಟು ನಿಮಿಷಕ್ಕೆ ಹಿಟ್ಟು ಬಿಳುಪಾಗಿ ಮೂರು ಪಟ್ಟು ಉಬ್ಬುತ್ತದೆ. ಬೀಟರ್ ಎತ್ತಿ ಬೀಳುವ ಧಾರೆಯಿಂದ ಮೇಲೆ ಒಂದು ಗೆರೆ ಎಳೆಯಿರಿ. ಐದಾರು ಎಣಿಸುವ ತನಕ ಗೆರೆ ಮುಳುಗದೆ ನಿಂತರೆ ಸಾಕು. ಆಮೇಲೆ ಮೈದಾವನ್ನು ಜರಡಿ ಹಿಡಿದು ಉದುರಿಸಿ, ಚಮಚದಿಂದ ತಳದಿಂದ ಮೇಲಕ್ಕೆ ಮಗುಚಬೇಕು. ಮಜ್ಜಿಗೆ ಕಡೆದಂತೆ ಕಡೆದರೆ ಕಟ್ಟಿದ್ದೆಲ್ಲ ಒಡೆಯುತ್ತದೆ.

ಓವನ್ನಿನಲ್ಲಿ ಕೇಕು ಉಬ್ಬುವುದು ಗಾಳಿ ಹಿಗ್ಗುವುದರಿಂದ ಎಂದು ಶಾಲೆಯಲ್ಲಿ ನಾವೆಲ್ಲ ಬರೆದಿದ್ದೇವೆ. ಅದು ಅರ್ಧ ಸತ್ಯ ಕೂಡ ಅಲ್ಲ. ಗಾಳಿಯನ್ನು 30 ಡಿಗ್ರಿಯಿಂದ 90ಕ್ಕೆ ಕಾಯಿಸಿದರೆ ಹಿಗ್ಗುವುದು ಐದನೆಯ ಒಂದು ಪಾಲು ಮಾತ್ರ. ಉಳಿದ ಕೆಲಸ ನೀರಿನದು: ಗೋಡೆಯಲ್ಲಿರುವ ನೀರು ಆವಿಯಾಗಿ ಗುಳ್ಳೆಯೊಳಗೆ ನುಗ್ಗುತ್ತದೆ. ಅಷ್ಟರಲ್ಲಿ ಮೊಟ್ಟೆಯ ಪ್ರೋಟೀನುಗಳು ಒಂದೊಂದಾಗಿ ಗಟ್ಟಿಯಾಗುತ್ತವೆ, ಮೈದಾದ ಪಿಷ್ಟ ನೀರು ಹೀರಿ ಅಂಬಲಿಯಂತೆ ಉಬ್ಬಿ ಗೋಡೆಗೆ ಗಾರೆ ಹಾಕುತ್ತದೆ. ಕೊನೆಗೆ ಗುಳ್ಳೆಗಳ ನಡುವಿನ ಗೋಡೆಗಳಲ್ಲಿ ತೂತು ಬಿದ್ದು ಎಲ್ಲ ಕೋಣೆಗಳೂ ಒಂದಕ್ಕೊಂದು ತೆರೆದುಕೊಳ್ಳುತ್ತವೆ. ಆ ಗಳಿಗೆಯಲ್ಲಿ ನೊರೆ ಸ್ಪಂಜಾಗುತ್ತದೆ. ತೂತು ಬೀಳದಿದ್ದರೆ ತಣಿಯುವಾಗ ಒಳಗಿನ ಆವಿ ನೀರಾಗಿ, ಹೊರಗಿನ ಗಾಳಿ ಒತ್ತಿ, ಇಡೀ ಕೇಕು ಕುಸಿಯುತ್ತಿತ್ತು.

ಇಷ್ಟರವರೆಗೆ ವೈನಿಯ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ಸುತ್ತುವುದರಲ್ಲಿ. ಇಲ್ಲಿ ಒಂದು ಚಿತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು ಪಟ್ಟಿಯನ್ನು ಬಾಗಿಸಿದರೆ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಹಿಗ್ಗದೆ ಕುಗ್ಗದೆ ಉಳಿಯುತ್ತದೆ. ಸುರುಳಿಯ ಮೊದಲ ಸುತ್ತಿನ ಒಳ ತ್ರಿಜ್ಯ ಒಂದು ಸೆಂಟಿಮೀಟರ್ ಅನ್ನಿ. ಕೇಕಿನ ದಪ್ಪ 1.2. ನಡುಪದರ ಕೇಂದ್ರದಿಂದ 1.6 ದೂರ, ಹೊರಮೈ 2.2 ದೂರ. ಹೊರಮೈ ತನ್ನ ಉದ್ದಕ್ಕಿಂತ ನೂರಕ್ಕೆ 37ರಷ್ಟು ಹಿಗ್ಗಬೇಕು! ಕೊನೆಯ ಸುತ್ತಿಗೆ ಬಂದಾಗ ಹೊರ ತ್ರಿಜ್ಯ ನಾಲ್ಕು ಸೆಂಟಿಮೀಟರ್ ಆಗಿರುವುದರಿಂದ ಹದಿನೇಳರಷ್ಟು ಹಿಗ್ಗಿದರೆ ಸಾಕು. ಚಪಾತಿಯದು? ದಪ್ಪ ಎರಡೇ ಮಿಲಿಮೀಟರ್. ಅದನ್ನು ಅಷ್ಟೇ ಬಿಗಿಯಾಗಿ ಸುತ್ತಿದರೂ ಹೊರಮೈ ಹಿಗ್ಗುವುದು ನೂರಕ್ಕೆ ಒಂಬತ್ತು.

ವೈನಿಯ ಪ್ರಶ್ನೆಗೆ ಅರ್ಧ ಉತ್ತರ ಇದೇ. ಕೇಕು ಎರಡು ಸೆಂಟಿಮೀಟರ್ ಎದ್ದರೆ ಹೆಮ್ಮೆ ಪಡಬೇಡಿ. ಅದು ಸುತ್ತಲು ಬರುವುದಿಲ್ಲ. ಸುತ್ತು ಆರಂಭಿಸುವ ಅಂಚಿನಿಂದ ಎರಡು ಬೆರಳು ಬಿಟ್ಟು, ಚಾಕುವಿನಿಂದ ಅರ್ಧ ಆಳಕ್ಕೆ ಒಂದು ಗೆರೆ ಕೊಯ್ಯುವ ಹಳೆಯ ಉಪಾಯಕ್ಕೂ ಅರ್ಥ ಇಲ್ಲಿದೆ. ಅತಿ ಬಿಗಿ ಇರುವ ಆ ಮೊದಲ ತಿರುವಿನಲ್ಲಿ ನೀವೇ ದಪ್ಪವನ್ನು ಅರ್ಧ ಮಾಡಿರುತ್ತೀರಿ. ಇನ್ನೊಂದು ಮಾತು: ನೊರೆಗೆ ಕುಗ್ಗುವುದು ಸಲೀಸು, ಹಿಗ್ಗುವುದು ಕಷ್ಟ. ಒತ್ತಿದರೆ ಗೋಡೆ ಮಡಚಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಹಾಗಾಗಿ ಹೆಚ್ಚು ತೇವ ಇರುವ ಮೈ ಹೊರಗೆ ಬರಬೇಕು. ತಟ್ಟೆಯ ಕಾಗದಕ್ಕೆ ಅಂಟಿದ್ದ ತಳ ಮೆತ್ತಗಿರುತ್ತದೆ, ಓವನ್ನಿನ ಬಿಸಿಗಾಳಿಗೆ ಮುಖ ಕೊಟ್ಟ ಮೇಲ್ಮೈ ಒಣಗಿರುತ್ತದೆ. ವೈನಿ ಒಣ ಮೈಯನ್ನೇ ಹೊರಗೆ ಬಿಟ್ಟು ಸುತ್ತಿದ್ದರು. ಎರಡನೆಯ ಸಲ ತಿರುಗಿಸಿ ಹಾಕಿ, ನಾಲ್ಕೂ ಕಡೆಯ ಗರಿಗರಿ ಅಂಚನ್ನು ಕತ್ತರಿಸಿ ತೆಗೆದು ಸುತ್ತಿದೆವು. ಅಂಚಿನ ತುಂಡುಗಳನ್ನು ಹುಡುಗರು ಸುತ್ತುವ ಮುಂಚೆಯೇ ಮುಗಿಸಿದ್ದರು. ಬಿರುಕು ಮೂರರಿಂದ ಒಂದಕ್ಕೆ ಇಳಿಯಿತು.

ಉಳಿದ ಆ ಒಂದು ಬಿರುಕಿನ ಕಾರಣ ನೀರು.

ಬೇಕರಿಯ ಟೋಸ್ಟು ನೋಡಿ. ಬ್ರೆಡ್ಡನ್ನು ಮತ್ತೊಮ್ಮೆ ಒಣಗಿಸಿದರೆ ಟೋಸ್ಟು. ಪಿಷ್ಟವೂ ಪ್ರೋಟೀನೂ ಅವೇ, ಗುಳ್ಳೆಗಳೂ ಅವೇ. ಬ್ರೆಡ್ಡು ಬಾಗುತ್ತದೆ, ಟೋಸ್ಟು ಟಕ್ಕನೆ ಮುರಿಯುತ್ತದೆ. ಚಹಾದಲ್ಲಿ ಅದ್ದಿದ ಕೂಡಲೇ ಟೋಸ್ಟು ಮತ್ತೆ ಬಾಗುತ್ತದೆ. ನೀರಿನ ಅಣುಗಳು ಪಿಷ್ಟ–ಪ್ರೋಟೀನುಗಳ ಉದ್ದ ಸರಪಳಿಗಳ ನಡುವೆ ತೂರಿಕೊಂಡು ಒಂದರ ಮೇಲೊಂದು ಜಾರಲು ಬಿಡುತ್ತವೆ. ನೀರು ತೆಗೆದರೆ ಸರಪಳಿಗಳು ಬಿಗಿದುಕೊಂಡು ಗಾಜಿನಂತಾಗುತ್ತವೆ. ಗಾಜು ಎಂಬುದು ಇಲ್ಲಿ ಹೋಲಿಕೆಯ ಮಾತಲ್ಲ. ವಿಜ್ಞಾನಿಗಳು ಈ ಸ್ಥಿತಿಯನ್ನು ಕರೆಯುವುದೇ ಗಾಜಿನ ಸ್ಥಿತಿ ಎಂದು. ಅದಕ್ಕೇ ಈ ಕೇಕಿಗೆ ಜೋರು ಬಿಸಿ, ಕಡಿಮೆ ಹೊತ್ತು. ಸಣ್ಣ ಉರಿಯಲ್ಲಿ ಅರ್ಧ ತಾಸು ಬೇಯಿಸಿದರೆ ಬೆಂದಿರುತ್ತದೆ, ಜೊತೆಗೆ ಒಣಗಿಯೂ ಇರುತ್ತದೆ. ಕುಕ್ಕರಿನ ತಳಕ್ಕೆ ಉಸುಕು ಹಾಕಿ ಕೇಕು ಮಾಡುವ ಪದ್ಧತಿ ದಪ್ಪ ಕೇಕಿಗೆ ಸರಿ, ಈ ಹಾಳೆಯಂಥ ಕೇಕಿಗೆ ಒಗ್ಗುವುದಿಲ್ಲ.

ಬಿಸಿಯಿದ್ದಾಗಲೇ ಬಟ್ಟೆಯ ಸಮೇತ ಸುತ್ತಿಡಬೇಕು ಎನ್ನುವುದೂ ನೀರಿನ ಲೆಕ್ಕವೇ. ಒದ್ದೆ ಬಟ್ಟೆ ಹೊರಹೋಗುವ ಆವಿಯನ್ನು ತಡೆಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಒಳಗೆ ನಡೆಯುತ್ತದೆ. ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ, ನೇರ ಸರಪಳಿಯ ಅಮೈಲೋಸ್, ಕೊಂಬೆ ಕೊಂಬೆಯ ಅಮೈಲೋಪೆಕ್ಟಿನ್. ಬಿಸಿಯಲ್ಲಿ ಎರಡೂ ಸಡಿಲ. ತಣಿಯುವ ಮೊದಲ ಕೆಲವು ತಾಸುಗಳಲ್ಲಿ ಅಮೈಲೋಸ್ ಅಕ್ಕಪಕ್ಕ ಜೋಡಿಸಿಕೊಂಡು ಗಟ್ಟಿಯಾಗುತ್ತದೆ. ಸುತ್ತಿದ ಸ್ಥಿತಿಯಲ್ಲೇ ಗಟ್ಟಿಯಾದರೆ ಆ ಬಾಗು ಕೇಕಿಗೆ ನೆನಪಿರುತ್ತದೆ. ಆಮೇಲೆ ಬಿಚ್ಚಿ, ಹೂರಣ ಸವರಿ, ಮತ್ತೆ ಸುತ್ತಿದರೆ ಹಳೆಯ ದಾರಿಯಲ್ಲೇ ಮಡಚುತ್ತದೆ. ಚಪ್ಪಟೆಯಾಗಿ ತಣಿದ ಕೇಕಿಗೆ ಚಪ್ಪಟೆಯ ನೆನಪು. ಅಮೈಲೋಪೆಕ್ಟಿನ್ ನಿಧಾನಿ, ದಿನಗಟ್ಟಲೆ ಜೋಡಿಸಿಕೊಳ್ಳುತ್ತದೆ. ಮೂರು ದಿನದ ಬ್ರೆಡ್ಡು ಪೆಡಸಾಗುವುದು ಅದರಿಂದ.

ನೀರನ್ನು ಹಿಡಿದಿಡುವ ಇನ್ನೊಂದು ಕೈ ಸಕ್ಕರೆಯದು. ಇದನ್ನು ನೋಡಲು ನಾವು ಹುಕ್ಕೇರಿ ತಾಲ್ಲೂಕಿಗೆ ಹೋದದ್ದು ಅಂದರೆ ಉತ್ಪ್ರೇಕ್ಷೆ. ಹೋದದ್ದು ವೈನಿಯ ತವರಿಗೆ, ಹಬ್ಬಕ್ಕೆ. (ಆ ತಾಲ್ಲೂಕಿನಲ್ಲಿ ಮನೆಮನೆಗೆ ಕರೆಂಟು ಹಂಚುವುದು ಹೆಸ್ಕಾಂ ಅಲ್ಲ, 1969ರಲ್ಲಿ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥದ್ದು ಅದೊಂದೇ. ವೈನಿ ಮೊದಲ ಕೇಕು ಬೇಯಿಸಿದ್ದು ಆ ಸಂಘದ ಕರೆಂಟಿನಲ್ಲಿ ಎಂಬ ಹೆಮ್ಮೆ ಅವರ ತಂದೆಗೆ.) ಹಿರಣ್ಯಕೇಶಿ, ಘಟಪ್ರಭಾ ಎರಡೂ ಹರಿಯುವ ತಾಲ್ಲೂಕು, ಹಿಡಕಲ್ ಅಣೆಕಟ್ಟು ಅಲ್ಲೇ. ಎತ್ತ ನೋಡಿದರೂ ಕಬ್ಬು. ಬಹುಪಾಲು ಕಬ್ಬು ಈಗ ಸಕ್ಕರೆ ಕಾರ್ಖಾನೆಯ ಟ್ರ್ಯಾಕ್ಟರ್ ಹತ್ತುತ್ತದೆ, ಆದರೂ ಅಲ್ಲೊಂದು ಇಲ್ಲೊಂದು ಗಾಣ ಹೊಗೆಯಾಡುತ್ತದೆ.

ಗಾಣದ ಕೊಪ್ಪರಿಗೆಯ ಹತ್ತಿರ ನಿಂತ ಹಿರಿಯರೊಬ್ಬರು ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ ನೋಡಿ, “ಇನ್ನ ಆಗಿಲ್ಲ ತಗೀರಿ” ಅಂದರು. ಅವರು ಅಳೆದದ್ದು ಉಷ್ಣತೆಯನ್ನು, ಉಷ್ಣತೆಯ ಮೂಲಕ ಉಳಿದ ನೀರನ್ನು. ಸಕ್ಕರೆ ಪಾಕ ಗಟ್ಟಿಯಾದಂತೆ ಅದು ಕುದಿಯುವ ಉಷ್ಣತೆ ಏರುತ್ತದೆ. 112 ಡಿಗ್ರಿಯಲ್ಲಿ ಕುದಿಯುವ ಪಾಕದಲ್ಲಿ ನೂರಕ್ಕೆ ಹದಿನೈದು–ಹದಿನೆಂಟು ಪಾಲು ನೀರಿರುತ್ತದೆ. 118ಕ್ಕೆ ಬಂದಾಗ ಹದಿಮೂರರ ಆಸುಪಾಸು. ಈ ಅಂಕಿಗಳು ಸಮುದ್ರದ ದಂಡೆಯವು. ಗೋಕಾಕ ಸುಮಾರು 550 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರಿ ನೀರು ಕುದಿಯುವುದೇ 98ರ ಹತ್ತಿರ. ಪುಸ್ತಕ ನೋಡಿ ಥರ್ಮಾಮೀಟರ್ ಇಡುವವರು ಎರಡು ಡಿಗ್ರಿ ಕಳೆಯಬೇಕು. ತಣ್ಣೀರು ಮತ್ತು ಬೆರಳು ಇರುವವರಿಗೆ ಆ ತಾಪತ್ರಯ ಇಲ್ಲ.

ಗಾಣದವರಿಗೆ ಒಂದು ಭಯ ಇರುತ್ತದೆ: ಬೆಲ್ಲ ಕಟ್ಟದೆ ಹೋದರೆ? ಕಡಿದ ಕಬ್ಬು ದಿನಗಟ್ಟಲೆ ಬಿಸಿಲಲ್ಲಿ ಬಿದ್ದರೆ, ರಸ ಹುಳಿಯಾದರೆ, ಸುಕ್ರೋಸ್ ಎಂಬ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಅವು ಹೆಚ್ಚಾದರೆ ಹರಳುಗಟ್ಟಲು ಬಿಡುವುದಿಲ್ಲ, ಬೆಲ್ಲ ಮೆತ್ತಗಾಗಿ ಮಳೆಗಾಲದಲ್ಲಿ ನೀರೊಡೆಯುತ್ತದೆ. ರಸಕ್ಕೆ ಸುಣ್ಣ ಹಾಕುವುದು ಹುಳಿ ಮುರಿದು ಇದನ್ನು ತಡೆಯಲಿಕ್ಕೇ. ಹರಳು ಸಕ್ಕರೆ ಗಾಳಿಯಿಂದ ನೀರು ಹೀರಿ ಕರಗಬೇಕಾದರೆ ಗಾಳಿಯ ತೇವ ನೂರಕ್ಕೆ 85ರ ಹತ್ತಿರ ಇರಬೇಕು, ಫ್ರಕ್ಟೋಸಿಗೆ 62 ಸಾಕು. ನೀರನ್ನು ಅಷ್ಟು ಆಸೆಯಿಂದ ಹಿಡಿಯುವ ಸಕ್ಕರೆ ಅದು.

ಗಾಣದವರ ಆ ವೈರಿಯೇ ನಮಗೆ ಬೇಕಾದವನು. ಕೊಪ್ಪರಿಗೆಯಿಂದ ಬೆಲ್ಲವಾಗುವ ಮುಂಚೆ ತೆಗೆದ ಜೋನಿ ಬೆಲ್ಲ, ಆ ಕಡೆಯವರ ಕಾಕವಿ, ಒಂದು ಬಾಟಲಿ ತಂದೆವು. ಮೂರನೆಯ ಕೇಕಿನಲ್ಲಿ 75 ಗ್ರಾಂ ಸಕ್ಕರೆಯಲ್ಲಿ ಒಂದು ಚಮಚದಷ್ಟು ತೆಗೆದು ಆ ಜಾಗಕ್ಕೆ ಕಾಕವಿ ಹಾಕಿದೆವು. ಬಣ್ಣ ಬೇಗ ಏರುತ್ತದೆ. ಗ್ಲೂಕೋಸ್–ಫ್ರಕ್ಟೋಸ್‌ಗಳು ಮೊಟ್ಟೆಯ ಪ್ರೋಟೀನಿನ ಜೊತೆ ಕೂಡಿ ಕೆಂಪಾಗುವುದರಲ್ಲಿ ಸಕ್ಕರೆಗಿಂತ ಚುರುಕು. ಒಂದು ನಿಮಿಷ ಮುಂಚೆಯೇ ತೆಗೆದೆವು. ಸುತ್ತಿದೆವು. ಎರಡೂವರೆ ಸುತ್ತು, ಎಂಟು ಸೆಂಟಿಮೀಟರ್ ದಪ್ಪದ ಉರುಳೆ, ಬೆನ್ನು ನುಣ್ಣಗೆ.

ಎರಡೂವರೆ ಸುತ್ತು ಎಂಬುದನ್ನು ಎಣಿಸದೆಯೂ ಹೇಳಬಹುದಿತ್ತು. ಬಟ್ಟೆಯಂಗಡಿಯಲ್ಲಿ ಥಾನು ನೋಡಿದವರಿಗೆ ಈ ಲೆಕ್ಕ ಗೊತ್ತು. ಬಟ್ಟೆಯ ಉದ್ದವನ್ನು ದಪ್ಪದಿಂದ ಗುಣಿಸಿದರೆ ಥಾನಿನ ತುದಿಯ ವೃತ್ತದ ಕ್ಷೇತ್ರಫಲ ಬರುತ್ತದೆ. ನಮ್ಮ ಕೇಕು 33 ಸೆಂಟಿಮೀಟರ್ ಉದ್ದ, ಹೂರಣ ಸೇರಿ 1.6 ದಪ್ಪ, ಗುಣಿಸಿದರೆ 53ಕ್ಕೆ ಸ್ವಲ್ಪ ಕಡಿಮೆ. ಅಷ್ಟು ಕ್ಷೇತ್ರಫಲದ ವೃತ್ತದ ತ್ರಿಜ್ಯ 4.1. ಅದನ್ನು 1.6ರಿಂದ ಭಾಗಿಸಿ.

ಹೂರಣಕ್ಕೆ ಬಂದೆವು. ಕರದಂಟು ಅಂದರೆ ಹೆಸರೇ ಹೇಳುವಂತೆ ಕರಿದ ಅಂಟು. ಜಾಲಿಯಂಥ ಮರಗಳ ತೊಗಟೆ ಗಾಯವಾದಾಗ ಒಸರಿ ಗಟ್ಟಿಯಾಗುವ ಅಂಟು. ಹಿಂದೆ ಅಂಚೆಚೀಟಿಯ ಬೆನ್ನಿಗೆ ಸವರುತ್ತಿದ್ದ ಅರೇಬಿಕ್ ಅಂಟೂ ಇದೇ ಬಳಗದ್ದು. ಅದನ್ನು ತುಪ್ಪದಲ್ಲಿ ಕರಿದು, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ಏಲಕ್ಕಿ ಕೂಡಿಸಿ ಬೆಲ್ಲದ ಪಾಕದಲ್ಲಿ ಕಟ್ಟುತ್ತಾರೆ. ಬಾಣಂತಿಯರಿಗೆ, ಗರಡಿಯ ಹುಡುಗರಿಗೆ, ಈಗ ಬೆಂಗಳೂರಿಗೆ ಹೊರಟವರ ಚೀಲಕ್ಕೆ. ಬಾಗಲಕೋಟೆ ಜಿಲ್ಲೆಯ ಅಮೀನಗಡದವರೂ ತಮ್ಮದೇ ಹೆಚ್ಚು ರುಚಿ ಅನ್ನುತ್ತಾರೆ. ನಾನು ಗೋಕಾಕದ ಪಕ್ಷ, ಇದರಲ್ಲಿ ವಿಜ್ಞಾನ ಏನೂ ಇಲ್ಲ.

ಅಂಟಿನ ಹರಳೊಂದನ್ನು ಕಾದ ತುಪ್ಪಕ್ಕೆ ಬಿಟ್ಟು ನೋಡಿ. ಜೇನಿನ ಬಣ್ಣದ, ಕಲ್ಲಿನಂಥ ತುಂಡು. ಎರಡು ಕ್ಷಣ ಸುಮ್ಮನಿರುತ್ತದೆ. ಆಮೇಲೆ ಮೈಮೇಲೆ ಸಣ್ಣ ಗುಳ್ಳೆ, ಒಂದು ಚಿಟಪಟ, ನೋಡುತ್ತಿದ್ದಂತೆ ಬೆಳ್ಳಗಾಗಿ ನಾಲ್ಕು ಪಟ್ಟು ಅರಳುತ್ತದೆ. ಒಣಗಿದಂತೆ ಕಂಡರೂ ಆ ಹರಳಿನೊಳಗೆ ನೂರಕ್ಕೆ ಹತ್ತು–ಹದಿನೈದು ಪಾಲು ನೀರು ಅವಿತಿರುತ್ತದೆ. ಬಿಸಿಗೆ ಗಾಜಿನಂಥ ಅಂಟು ಮೆತ್ತಗಾಗುತ್ತದೆ, ನೀರು ಆವಿಯಾಗಿ ಅದನ್ನು ಊದುತ್ತದೆ, ಆವಿ ಹೊರಬಿದ್ದ ಮೇಲೆ ಗೋಡೆಗಳು ಮತ್ತೆ ಗಾಜಾಗುತ್ತವೆ. ಹಲ್ಲಿಗೆ ಸಿಕ್ಕರೆ ಕುರುಮ್ ಎನ್ನುವುದು ಆ ಗಾಜು ಒಡೆಯುವ ಸದ್ದು. ನೀರು ಮತ್ತು ಬಿಸಿ ಸೇರಿ ಊದಿ, ಆಮೇಲೆ ಗೋಡೆ ಗಟ್ಟಿಯಾದ ನೊರೆ. ಈಗಷ್ಟೇ ಓವನ್ನಿನಿಂದ ತೆಗೆದದ್ದೂ ಅದೇ ಅಲ್ಲವೇ! ಕೇಕೂ ನೊರೆ, ಕರಿದ ಅಂಟೂ ನೊರೆ. ಒಂದರಲ್ಲಿ ನೀರು ಉಳಿದಿದೆ, ಅದು ಬಾಗುತ್ತದೆ. ಇನ್ನೊಂದರಲ್ಲಿ ಇಲ್ಲ, ಅದು ಮುರಿಯುತ್ತದೆ.

ಇವೆರಡನ್ನೂ ಒಂದೇ ಸುರುಳಿಯಲ್ಲಿ ಇಟ್ಟರೆ ಏನಾಗುತ್ತದೆ ಎಂದು ನಾನು ಮುಂಚೆಯೇ ಊಹಿಸಬೇಕಿತ್ತು. ಊಹಿಸಲಿಲ್ಲ. ಕರದಂಟನ್ನು ಪುಡಿ ಮಾಡಿ, ತುಸು ಬಿಸಿ ಪಾಕದಲ್ಲಿ ಕಲಸಿ, ನುಣ್ಣನೆಯ ಕೇಕಿನ ಮೇಲೆ ಹರಡಿ ಸುತ್ತಿ, ಸ್ಟೀಲಿನ ಡಬ್ಬಿಯಲ್ಲಿಟ್ಟು ಮಲಗಿದೆವು. ಬೆಳಿಗ್ಗೆ ತೆರೆದಾಗ ಅಂಟು ಮೆತ್ತಗಾಗಿ ಹಲ್ಲಿಗೆ ಹತ್ತುತ್ತಿತ್ತು, ಕುರುಮ್ ಎನ್ನುವ ಸದ್ದೇ ಇಲ್ಲ. ಕೇಕು ಒಳಸುತ್ತಿನಲ್ಲಿ ಒಣಗಿ ಸೀಳಿತ್ತು. ಎರಡೂ ಕೆಟ್ಟವು.

ನೀರು ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಕಡಿಮೆ ಇರುವಲ್ಲಿಗೆ ಹರಿಯುತ್ತದೆ ಎಂದು ಬಿಟ್ಟರೆ ತಪ್ಪಾಗುತ್ತದೆ. ಅದು ಹರಿಯುವುದು ಸಡಿಲಾಗಿರುವಲ್ಲಿಂದ ಬಿಗಿಯಾಗಿ ಹಿಡಿಯುವವರ ಕಡೆಗೆ. ಆಹಾರ ವಿಜ್ಞಾನದಲ್ಲಿ ಈ ಸಡಿಲಿಗೆ ಒಂದು ಅಳತೆ ಇದೆ, ಜಲ ಚಟುವಟಿಕೆ. ಬರಿ ನೀರಿನದು 1. ಸ್ಪಂಜ್ ಕೇಕಿನದು 0.85ರಿಂದ 0.9ರ ಸುಮಾರಿಗೆ ಇರುತ್ತದೆ, ಒಣ ಮಿಠಾಯಿಗಳದು 0.6ಕ್ಕೂ ಕೆಳಗೆ. ಇವುಗಳನ್ನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟರೆ ಎರಡರ ಅಂಕಿ ಒಂದಾಗುವ ತನಕ ನೀರು ಹೋಗುತ್ತಲೇ ಇರುತ್ತದೆ. ಕೇಕಿನಲ್ಲಿ ಎಷ್ಟು ಕಾಕವಿ ಹಾಕಿದರೂ ಕರದಂಟಿನ ಬೆಲ್ಲದೆದುರು ಅದು ಸೋಲುತ್ತದೆ.

“ಹೋಳಿಗಿ ಹೂರಣದಂಗ ಆತಲ್ರಿ ಇದು” ಅಂದರು ವೈನಿ. ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಕಣಕ ಮತ್ತು ಹೂರಣ ಒಂದೇ ಹದದಲ್ಲಿರಬೇಕು ಎನ್ನುವುದು ನಮ್ಮ ಮನೆಗಳಲ್ಲಿ ಹುಡುಗಿಯರಿಗೆ ಮೊದಲು ಹೇಳಿಕೊಡುವ ಪಾಠ. ಹೂರಣ ಗಟ್ಟಿಯಾದರೆ ಲಟ್ಟಿಸುವಾಗ ಕಣಕ ಹರಿಯುತ್ತದೆ, ಹೂರಣ ನೀರಾದರೆ ಕಣಕ ನೆನೆದು ತೂತು ಬೀಳುತ್ತದೆ. ಹದ ಎಂಬ ಒಂದೇ ಮಾತಿನಲ್ಲಿ ಗಟ್ಟಿತನವೂ ಬಂತು, ನೀರಿನ ಹಿಡಿತವೂ ಬಂತು.

ಕೊನೆಗೆ ಮಾಡಿದ್ದು ಹೀಗೆ. ಕರದಂಟನ್ನು ಕರದಂಟಾಗಿ ತುಂಬುವ ಆಸೆ ಬಿಟ್ಟೆವು. ಬೆಲ್ಲದ ಪಾಕವನ್ನು ಉಂಡೆ ಹದಕ್ಕೆ ಒಯ್ಯದೆ, ಎಳೆ ಬರುವ ಮುಂಚೆಯೇ ಇಳಿಸಿದೆವು. ಅದರಲ್ಲಿ ನೀರು ಹೆಚ್ಚಿರುವುದರಿಂದ ಕೇಕಿನಿಂದ ಕಸಿಯುವ ಹಂಬಲ ಕಡಿಮೆ. ಅದಕ್ಕೆ ಹೆಚ್ಚಿದ ಉತ್ತತ್ತಿ, ತುರಿದ ಕೊಬ್ಬರಿ, ಗೋಡಂಬಿ, ಏಲಕ್ಕಿ ಸೇರಿಸಿ ಸವರುವ ಹದಕ್ಕೆ ತಂದೆವು. ಕರಿದ ಅಂಟನ್ನು ಮಾತ್ರ ಪಾಕಕ್ಕೆ ತೋರಿಸಲಿಲ್ಲ. ಒರಟಾಗಿ ಕುಟ್ಟಿ, ಕರಗಿದ ತುಪ್ಪದಲ್ಲಿ ಹೊರಳಿಸಿ, ತಣ್ಣಗಾದ ಮೇಲೆ ಉದುರಿಸಿದೆವು. ಕೊಬ್ಬು ನೀರಿಗೆ ದಾರಿ ಬಿಡುವುದಿಲ್ಲ. ತುಪ್ಪದ ತೆಳು ಹೊದಿಕೆ ಅಂಟನ್ನು ಎಂದೆಂದಿಗೂ ಕಾಯುವುದಿಲ್ಲ, ಆದರೆ ಬೆಳಿಗ್ಗೆ ಸುತ್ತಿದ್ದನ್ನು ಸಂಜೆ ಕತ್ತರಿಸುವ ತನಕ ಕಾಯುತ್ತದೆ. ಗಿರಾಕಿಗೂ ಅಷ್ಟೇ ಬೇಕಿತ್ತು.

ಮೊಟ್ಟೆ ತಿನ್ನದ ಮನೆಗಳ ಮಾತು ಬಿಟ್ಟರೆ ಬೆಳಗಾವಿ ಜಿಲ್ಲೆಯ ಅಧ್ಯಾಯ ಆಗುವುದಿಲ್ಲ. ಲಿಂಗಾಯತರು, ಜೈನರು ಇಷ್ಟು ಜನ ಇರುವಲ್ಲಿ ವೈನಿಗೆ ಬರುವ ಆರ್ಡರುಗಳಲ್ಲಿ ಎಗ್‌ಲೆಸ್ ಎಂಬ ಮಾತು ಇಲ್ಲದ ದಿನವಿಲ್ಲ. ಇದೇ ತೊಡಕು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಮನೆಯಲ್ಲೂ ಇತ್ತು, ವ್ರತದಿಂದಲ್ಲ, ಅಲರ್ಜಿಯಿಂದ. ಹೆಂಡತಿಗೆ ಮೊಟ್ಟೆಯೂ ಈಸ್ಟೂ ಆಗುತ್ತಿರಲಿಲ್ಲ. ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ, 1843ರಲ್ಲಿ ಬೇಕಿಂಗ್ ಪೌಡರ್ ಮಾಡಿದ. ಮೊಸರು–ಸೋಡಾ ಕೂಡಿಸಿ ನಾವು ಉಬ್ಬಿಸುವ ಕೇಕೂ ಅದೇ ದಾರಿಯದು: ಹುಳಿ ಮತ್ತು ಸೋಡಾ ಸೇರಿ ಇಂಗಾಲದ ಡೈಆಕ್ಸೈಡ್. ಗುಳ್ಳೆಯೇನೋ ಬರುತ್ತದೆ, ಆದರೆ ಗುಳ್ಳೆಯ ಸುತ್ತ ಮೊಟ್ಟೆ ಹೆಣೆಯುತ್ತಿದ್ದ ಬಲೆ ಇರುವುದಿಲ್ಲ. ಅಂಥ ಕೇಕು ಸುತ್ತಿದರೆ ಪುಡಿಯಾಗುತ್ತದೆ. ಇದಕ್ಕೆ ನನ್ನ ಬಳಿ ಪೂರ್ತಿ ಪರಿಹಾರ ಇಲ್ಲ. ಕಂಡೆನ್ಸ್‌ಡ್ ಹಾಲು ಹಾಕಿ, ಒಂದು ಸೆಂಟಿಮೀಟರಿಗಿಂತ ತೆಳುವಾಗಿ ಹರಡಿ, ಸುತ್ತನ್ನು ಸಡಿಲ ಬಿಡಿ. ತುಪ್ಪದ ಬದಲು ಎಣ್ಣೆ ಹಾಕಿ. ಡಿಸೆಂಬರಿನ ಬೆಳಗಿನ ಚಳಿಗೆ ಎಮ್ಮೆಯ ತುಪ್ಪ ಡಬ್ಬಿಯಲ್ಲಿ ಹೆಪ್ಪುಗಟ್ಟುವಂತೆಯೇ ಕೇಕಿನೊಳಗೂ ಹೆಪ್ಪುಗಟ್ಟುತ್ತದೆ, ಗಟ್ಟಿಯಾದ ಕೊಬ್ಬು ಬಾಗುವುದಿಲ್ಲ. ಎಣ್ಣೆ ಆ ಚಳಿಯಲ್ಲೂ ಎಣ್ಣೆಯಾಗಿಯೇ ಇರುತ್ತದೆ.

ಕತ್ತರಿಸುವಾಗ ಚಾಕು ಬೇಡ. ಚಾಕು ಕೊಯ್ಯುವ ಮುಂಚೆ ಒತ್ತುತ್ತದೆ, ಮುಕ್ಕಾಲು ಪಾಲು ಗಾಳಿ ಇರುವ ವಸ್ತು ಒತ್ತಿದ ಕೂಡಲೇ ಚಪ್ಪಟೆಯಾಗುತ್ತದೆ. ಉರುಳೆಯ ಕೆಳಗೆ ಒಂದು ಹತ್ತಿಯ ದಾರ ತೂರಿಸಿ, ಎರಡೂ ತುದಿಯನ್ನು ಮೇಲೆ ತಂದು, ಅಡ್ಡ ಮಾಡಿ ಎಳೆಯಿರಿ. ದಾರ ಸುತ್ತಲೂ ಒಂದೇ ಸಲ ಬಿಗಿಯುವುದರಿಂದ ಸುರುಳಿ ದುಂಡಗೇ ಉಳಿಯುತ್ತದೆ. 1885ರಲ್ಲಿ ಕಂಪನಿ ಕಟ್ಟಿ ಜಲಪಾತದ ನೀರಿನ ಬಲದಿಂದ ನೂಲು ತೆಗೆಯಲು ಹೊರಟ ಊರು ಗೋಕಾಕ. ಅಲ್ಲಿ ಒಂದು ಮೊಳ ದಾರಕ್ಕೆ ಬರವಿಲ್ಲ. ಇಷ್ಟೆಲ್ಲ ಮಾಡಿಯೂ ಸೀಳಿದರೆ, ಸೀಳಿದ ಮೈಯನ್ನು ಕೆಳಗೆ ಮಾಡಿ ತಟ್ಟೆಯಲ್ಲಿಡಿ. ವೈನಿ ಗಿರಾಕಿಗೆ ಕಳಿಸಿದ್ದೂ ಹಾಗೆಯೇ.